ಪಕ್ಕದವರ ಪಾಯ ನಿಮ್ಮ ಜಾಗಕ್ಕೆ ಬಂದರೆ: ಟೇಪು ಹಿಡಿಯುವುದರಿಂದ ತಡೆಯಾಜ್ಞೆಯವರೆಗೆ

ಪಕ್ಕದ ಸೈಟಿನಲ್ಲಿ ಸುಣ್ಣದ ಗೆರೆ ಬಿದ್ದ ದಿನವೇ ನೀವೂ ಟೇಪು ತೆಗೆಯಬೇಕು. ಆ ಗೆರೆಯನ್ನು ಅರ್ಧ ಅಡಿ ಆಚೆ ಹಾಕಿಸಲು ಒಂದು ಮಾತು ಸಾಕಾಗುತ್ತದೆ. ಕಾಲಂ ಎದ್ದು ಮೋಲ್ಡ್ ಬಿದ್ದ ಮೇಲೆ ಅದೇ ಅರ್ಧ ಅಡಿಗೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ, ಅಷ್ಟರಲ್ಲಿ ಎರಡು ಮನೆಗಳ ನಡುವೆ ಮಾತೂ ನಿಂತಿರುತ್ತದೆ. ಗಡಿ ತಕರಾರು ಬಿಗಡಾಯಿಸುವುದು ಬಹುತೇಕ ಹೇಳಬೇಕಾದ ಹೊತ್ತಿಗೆ ಹೇಳದೆ ಇದ್ದುದರಿಂದಲೇ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮನೆ ಜಾಗ ಎಂದರೆ ಒಂದೇ ಬಗೆಯದಲ್ಲ. ಪ್ರಾಧಿಕಾರದ ಬಡಾವಣೆಯ ಸೈಟು ಬೇರೆ, ಗ್ರಾಮಠಾಣಾ (ಊರಿನ ಮನೆಗಳಿಗೆಂದು ಬಿಟ್ಟ ಜಾಗ) ಒಳಗಿನ ಹಳೇ ಮನೆ ಬೇರೆ, ಮೂಡಿಗೆರೆ ಅಥವಾ ಸಕಲೇಶಪುರದ ಇಳಿಜಾರಿನಲ್ಲಿ ತೋಟದಂಚಿಗೆ ಕಟ್ಟುವ ಮನೆ ಬೇರೆ. ಗಡಿ ಯಾವ ಕಾಗದದಲ್ಲಿದೆ, ಯಾರು ಅಳೆದು ತೋರಿಸಬೇಕು ಎಂಬುದು ಇದರ ಮೇಲೆ ನಿಲ್ಲುತ್ತದೆ.

ಮೊದಲು ಕಾಗದ

ಜಗಳಕ್ಕೆ ಮುಂಚೆ ನಿಮ್ಮ ಕ್ರಯಪತ್ರವನ್ನು ಕೊನೆಯ ಪುಟದ ಷೆಡ್ಯೂಲಿನವರೆಗೆ ಓದಿ. ಅಲ್ಲಿ ಎರಡು ಸಂಗತಿ ಇರುತ್ತವೆ: ಅಳತೆ ಮತ್ತು ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿಗೆ ಏನಿದೆ ಎಂಬ ವಿವರ. ಎರಡೂ ಒಂದನ್ನೊಂದು ಒಪ್ಪದಿದ್ದರೆ ಕೋರ್ಟು ಸಾಮಾನ್ಯವಾಗಿ ಚಕ್ಕುಬಂದಿಗೇ ಹೆಚ್ಚು ತೂಕ ಕೊಡುತ್ತದೆ. ಆದರೆ "ಪೂರ್ವಕ್ಕೆ ಸೈಟು ನಂ. 14" ಎಂದಷ್ಟೇ ಬರೆದಿದ್ದು, ಆ 14ನೇ ಸೈಟಿನ ಅಂಚೇ ತಕರಾರಿನಲ್ಲಿದ್ದರೆ ಚಕ್ಕುಬಂದಿಯಿಂದ ಉಪಯೋಗವಿಲ್ಲ. ಆಗ ಬಡಾವಣೆಯ ಮೂಲ ನಕ್ಷೆಗೇ ಹೋಗಬೇಕು.

ಹಾಸನ ಅಥವಾ ಚಿಕ್ಕಮಗಳೂರು ನಗರಾಭಿವೃದ್ಧಿ ಪ್ರಾಧಿಕಾರದ ಬಡಾವಣೆಯಾದರೆ, ಅವರು ಅನುಮೋದಿಸಿದ ಖಾಸಗಿ ಬಡಾವಣೆಯಾದರೂ ಸರಿ, ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ಪಡೆಯಿರಿ. ನಗರಸಭೆಯ ಖಾತಾ, ಇ-ಆಸ್ತಿಯ ನಮೂನೆ 3 ಜೊತೆಗಿರಲಿ. ಹಳ್ಳಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಅಥವಾ 11ಬಿ. ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಸರ್ವೆ ಮುಗಿದ ಊರಾದರೆ ಆಸ್ತಿ ಕಾರ್ಡು. ಜಮೀನಾದರೆ ಪಹಣಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಮೂಲ ಸರ್ವೆಯ ಅಳತೆಯ ದಾಖಲೆ) ಅಥವಾ ಪಾಲುಗಳನ್ನು ಅಳೆದ ಹಿಸ್ಸಾ ಟಿಪ್ಪಣಿ, ಗ್ರಾಮ ನಕ್ಷೆ. ಕೊಂಡ ಮೇಲೆ ಪಾಲಾಗಿದ್ದರೆ 11-ಇ ನಕ್ಷೆಯೂ (ಸರ್ವೆ ನಂಬರಿನ ಭಾಗವನ್ನು ಅಳೆದು ತೋರಿಸುವ ನಕ್ಷೆ) ಬೇಕು. ನೆರೆಯವರ ಕ್ರಯಪತ್ರದ ಪ್ರತಿಯನ್ನೂ ಉಪನೋಂದಣಿ ಕಚೇರಿಯಿಂದ ಪಡೆಯಬಹುದು. ಅವರ ಪತ್ರದಲ್ಲಿ ನಿಮ್ಮ ಕಡೆಯ ಗಡಿಯನ್ನು ಹೇಗೆ ಬರೆದಿದ್ದಾರೆ ಎಂಬುದು ನಿಮ್ಮ ಪತ್ರದಷ್ಟೇ ಮುಖ್ಯ.

ಖಾತಾ ಕಂದಾಯ ಕಟ್ಟುವುದಕ್ಕೆ ಇರುವ ದಾಖಲೆ. ಮಾಲೀಕತ್ವಕ್ಕೆ ಅದೊಂದೇ ಸಾಕ್ಷಿಯಾಗುವುದಿಲ್ಲ. "ನನ್ನ ಖಾತೆಯಲ್ಲಿ 1200 ಅಡಿ ಇದೆ" ಎಂದು ಇಬ್ಬರೂ ಹೇಳುತ್ತಿದ್ದರೆ ತೀರ್ಮಾನ ಆಗುವುದು ಖಾತೆಯ ಹಿಂದಿರುವ ಕ್ರಯಪತ್ರ, ಹಕ್ಕುಪತ್ರಗಳಿಂದ.

ಟೇಪು ಹಿಡಿಯುವ ಕ್ರಮ

ಇಲ್ಲಿ ಆಗುವ ತಪ್ಪೇ ಎಲ್ಲಕ್ಕಿಂತ ದುಬಾರಿ, ಹಾಗಾಗಿ ನಿಧಾನವಾಗಿ ಹೋಗೋಣ. 30 ಮೀಟರಿನ ಸ್ಟೀಲ್ ಟೇಪು, ನೈಲಾನ್ ದಾರ, ನಾಲ್ಕು ಗೂಟ, ತೂಗುಗುಂಡು, ಇಬ್ಬರು ಸಹಾಯಕರು ಬೇಕು. ಬಟ್ಟೆಯ ಟೇಪು ಎಳೆದರೆ ಹಿಗ್ಗುತ್ತದೆ, ಗಡಿ ಕೆಲಸಕ್ಕೆ ಅದು ಬೇಡ.

ಅಳತೆಯನ್ನು ನಿಮ್ಮ ಕಾಂಪೌಂಡಿನಿಂದಲೋ ಪಕ್ಕದವರ ಗೋಡೆಯಿಂದಲೋ ಶುರು ಮಾಡಬೇಡಿ, ಆ ಗೋಡೆ ಸರಿಯಾದ ಜಾಗದಲ್ಲಿದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಬಡಾವಣೆಯಲ್ಲಿ ಅಲುಗದೆ ಉಳಿದಿರುವ ಗುರುತಿನಿಂದ ಹೊರಡಿ: ರಸ್ತೆ ಮೂಲೆಯ ಕಲ್ಲು, ಉದ್ಯಾನದ ಮೂಲೆ, ಎರಡು ರಸ್ತೆ ಕೂಡುವ ಕಡೆಯ ಚರಂಡಿ ಅಂಚು. ಅಲ್ಲಿಂದ ನಿಮ್ಮ ಸಾಲಿನ ಸೈಟುಗಳನ್ನೆಲ್ಲ ಒಂದರ ಹಿಂದೆ ಒಂದರಂತೆ ಅಳೆಯಿರಿ. ಹೀಗೆ ಮಾಡಿದಾಗ ಆಗಾಗ ಕಾಣುವುದೇನೆಂದರೆ, ನಿಮ್ಮ ಪಕ್ಕದವರು ಬೇಕೆಂದು ಒಳಗೆ ಬಂದಿಲ್ಲ. ಮೂರು ಸೈಟು ಆಚೆ ಯಾರೋ ನಾಲ್ಕು ಇಂಚು ಸರಿದರು, ಅವರ ಪಕ್ಕದವರು ಅವರ ಗೋಡೆ ನೋಡಿಕೊಂಡು ಕಟ್ಟಿದರು, ತಪ್ಪು ಬೆಳೆಯುತ್ತ ಬಂದು ನಿಮ್ಮ ಅಂಚಿಗೆ ಒಂದು ಅಡಿಯಾಯಿತು. ಸಾಲಿನ ಕೊನೆಯ ಮೂಲೆ ಸೈಟಿನವರು ಇದರಿಂದ ಹೆಚ್ಚು ಕಳೆದುಕೊಳ್ಳುತ್ತಾರೆ. ಜೆಸಿಬಿಯಿಂದ ಮಟ್ಟ ಮಾಡಿಸುವಾಗ ಮೂಲೆ ಕಲ್ಲುಗಳು ಕಿತ್ತು ಬಂದು, ಆಮೇಲೆ ಯಾರೋ ಅಂದಾಜಿನ ಮೇಲೆ ನೆಟ್ಟಿರುವುದೂ ಉಂಟು. ಕಲ್ಲು ಇದೆ ಎಂದ ಮಾತ್ರಕ್ಕೆ ಅದನ್ನು ನಂಬಬೇಡಿ, ಕನಿಷ್ಠ ಎರಡು ಬೇರೆ ಗುರುತುಗಳಿಂದ ತಾಳೆ ನೋಡಿ.

ನಾಲ್ಕು ಬದಿ ಅಳೆದರೆ ಮುಗಿಯಲಿಲ್ಲ, ಕರ್ಣವನ್ನೂ ಅಳೆಯಬೇಕು. 30×40 ಸೈಟು ಸರಿಯಾಗಿ ಚೌಕವಿದ್ದರೆ ಎರಡೂ ಕರ್ಣ 50 ಅಡಿ ಬರಬೇಕು. 30×50ಕ್ಕೆ 58 ಅಡಿ 3¾ ಇಂಚು, 40×60ಕ್ಕೆ 72 ಅಡಿ 1¼ ಇಂಚಿನ ಆಸುಪಾಸು. ಬದಿಗಳು ಸರಿಯಿದ್ದು ಕರ್ಣ ಎರಡು ಬಗೆ ಬಂದರೆ ಸೈಟು ವಾಲಿದೆ ಎಂದರ್ಥ. ರಸ್ತೆ ಬದಿಯಲ್ಲಿ ಗಡಿ ಸರಿ ಕಂಡು ಹಿತ್ತಲ ಬದಿಯಲ್ಲಿ ಅಡಿಗಟ್ಟಲೆ ತಪ್ಪುವುದು ಹೀಗೆ.

ಅಡಿ ಮತ್ತು ಮೀಟರಿನ ಗೊಂದಲವನ್ನೂ ಮೊದಲೇ ಬಿಡಿಸಿಕೊಳ್ಳಿ. ಬಡಾವಣೆ ನಕ್ಷೆಯಲ್ಲಿ 9×12 ಮೀಟರ್ ಎಂದಿರುತ್ತದೆ, ಬಾಯಲ್ಲಿ ಎಲ್ಲರೂ 30×40 ಎನ್ನುತ್ತಾರೆ. 9 ಮೀಟರ್ ಎಂದರೆ 29 ಅಡಿ 6⅓ ಇಂಚು, 12 ಮೀಟರ್ ಎಂದರೆ 39 ಅಡಿ 4½ ಇಂಚಿನ ಹತ್ತಿರ. 1200 ಚದರಡಿ ಎಂದುಕೊಂಡದ್ದು ನಿಜದಲ್ಲಿ 1162 ಚದರಡಿ. ಪಕ್ಕದವರು 30 ಅಡಿ ಅಳೆದು ಕಟ್ಟಿದರೆ ಯಾವ ದುರುದ್ದೇಶವಿಲ್ಲದೆಯೂ ಅರ್ಧ ಅಡಿ ಒಳಗೆ ಬರುತ್ತಾರೆ. ನೀವೂ ಹಾಗೆಯೇ ಅಳೆದಿದ್ದರೆ ನಿಮ್ಮ ದೂರೂ ಅರ್ಧ ಅಡಿ ತಪ್ಪು.

ಮಲೆನಾಡಿನ ಕಡೆ ಇನ್ನೊಂದು ಸೂಕ್ಷ್ಮವಿದೆ. ಕಾಗದದ ಅಳತೆಯೆಲ್ಲ ಮಟ್ಟದ ಅಳತೆ. ಇಳಿಜಾರಿನ ಮೇಲೆ ಟೇಪನ್ನು ನೆಲಕ್ಕೆ ಹಾಸಿ ಅಳೆದರೆ ಜಾಗ ಕಡಿಮೆ ಸಿಗುತ್ತದೆ. 10 ಅಡಿಗೆ 3 ಅಡಿ ಇಳಿಯುವ ಜಾಗದಲ್ಲಿ ನೆಲದ ಮೇಲೆ 40 ಅಡಿ ಅಳೆದರೆ ನಿಜವಾದ ಮಟ್ಟದ ದೂರ 38 ಅಡಿ 4 ಇಂಚಿಗೂ ಸ್ವಲ್ಪ ಕಡಿಮೆ, ಅಂದರೆ ಒಂದೂಮುಕ್ಕಾಲು ಅಡಿಯಷ್ಟು ವ್ಯತ್ಯಾಸ ಅಳತೆಯಲ್ಲೇ ಹುಟ್ಟುತ್ತದೆ. ಟೇಪನ್ನು ಮಟ್ಟವಾಗಿ ಬಿಗಿಹಿಡಿದು, ತಗ್ಗಿನ ಕಡೆಯ ತುದಿಯಿಂದ ತೂಗುಗುಂಡು ಇಳಿಬಿಟ್ಟು, 10 ಅಡಿಗೊಮ್ಮೆ ಮೆಟ್ಟಿಲಿನಂತೆ ಅಳೆಯುತ್ತ ಹೋಗಬೇಕು. ಇಬ್ಬರೂ ಒಪ್ಪುವ ಎಂಜಿನಿಯರಿಂದ ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರ ಇಟ್ಟು ಅಳೆಸಿದರೆ ಇನ್ನೂ ಒಳ್ಳೆಯದು.

ಮೊಬೈಲಿನ ದಿಶಾಂಕ್ ಆಪ್ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತಿಳಿಯಲು ಉಪಯುಕ್ತ. ಆದರೆ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಅದರ ಗೆರೆ ನೋಡಿ ಒಂದು ಅಡಿಯ ಜಗಳಕ್ಕೆ ಇಳಿಯಬೇಡಿ.

ನೆಲದ ಮೇಲೆ ಕಾಣದ ಒತ್ತುವರಿ

ಗೋಡೆ ಗೆರೆಯ ಆಚೆಯೇ ಇದೆ ಎಂದು ಸುಮ್ಮನಾಗುವವರು ಪಾಯವನ್ನು ನೋಡಿರುವುದಿಲ್ಲ. 9 ಇಂಚಿನ ಗೋಡೆಗೆ ಸೈಜ್ ಕಲ್ಲಿನ ಪಾಯ ಹಾಕಿದರೆ ತಳದಲ್ಲಿ ಎರಡು, ಎರಡೂವರೆ ಅಡಿ ಅಗಲ ಇರುತ್ತದೆ. ಗೋಡೆಯ ಹೊರಮುಖ ಸರಿಯಾಗಿ ಗಡಿಯ ಮೇಲಿದ್ದು ಪಾಯ ನಡುಮಧ್ಯಕ್ಕೆ ಬಂದಿದ್ದರೆ ಏಳೆಂಟು ಇಂಚಿನಿಂದ ಹತ್ತಿಂಚಿನಷ್ಟು ಕಲ್ಲು ನಿಮ್ಮ ನೆಲದಡಿಯಲ್ಲಿದೆ. ಕಾಲಂ ಮನೆಯಾದರೆ ಇನ್ನೂ ಹೆಚ್ಚು: 4 ಅಡಿ ಚೌಕದ ಫುಟಿಂಗ್ (ಕಾಲಂ ಕೆಳಗಿನ ಕಾಂಕ್ರೀಟ್ ಪಾದ) ಮಧ್ಯದಲ್ಲಿ 9 ಇಂಚಿನ ಕಾಲಂ ನಿಂತರೆ ಕಾಲಂನ ಹೊರಮುಖದಿಂದ ಫುಟಿಂಗ್ ಅಂಚು 19½ ಇಂಚು ದೂರ. ಕಾಲಂ ಗಡಿಗೆ ತಾಗಿ ಎದ್ದಿದ್ದರೆ ಒಂದೂವರೆ ಅಡಿಗೂ ಮಿಕ್ಕಿ ಕಾಂಕ್ರೀಟು ನಿಮ್ಮದರೊಳಗೆ ಹೂತಿರುತ್ತದೆ. ನಾಳೆ ನೀವು ಸಂಪು ತೆಗೆಸುವಾಗಲೋ ನಿಮ್ಮದೇ ಪಾಯ ತೋಡಿಸುವಾಗಲೋ ಅದು ಅಡ್ಡ ಬರುತ್ತದೆ. ಅದನ್ನು ಒಡೆದರೆ ಅವರ ಮನೆಗೆ ಅಪಾಯ, ಬಿಟ್ಟರೆ ನಿಮಗೆ ಜಾಗವಿಲ್ಲ.

ಹಾಗಾಗಿ ಮಾರ್ಕಿಂಗ್ ದಿನ ಕೇಳಬೇಕಾದ ಪ್ರಶ್ನೆ "ಗೋಡೆ ಎಲ್ಲಿ ಬರುತ್ತದೆ" ಎಂಬುದಲ್ಲ, "ಗುಂಡಿಯ ಅಂಚು ಎಲ್ಲಿಗೆ ಬರುತ್ತದೆ" ಎಂಬುದು. ಗಡಿಗೆ ತಾಗಿ ಕಾಲಂ ಬೇಕೇಬೇಕೆಂದರೆ ಎಂಜಿನಿಯರು ಫುಟಿಂಗನ್ನು ಒಂದೇ ಕಡೆಗೆ ಚಾಚಿ, ಒಳಗಿನ ಕಾಲಂಗೆ ಸ್ಟ್ರಾಪ್ ಬೀಮಿನಿಂದ ಕಟ್ಟುವ ವಿನ್ಯಾಸ ಕೊಡಬಹುದು. ನಕ್ಷೆಯಲ್ಲಿ ಅದು ಇದೆಯೇ ಎಂದು ಕೇಳಿ. ಮೇಸ್ತ್ರಿ ರೂಢಿಯ ಮೇಲೆ ನಡುಮಧ್ಯಕ್ಕೇ ಗುಂಡಿ ತೋಡಿಸುವುದು ಸಾಮಾನ್ಯ.

ನಿಮ್ಮ ಮನೆ ಈಗಾಗಲೇ ಇದ್ದರೆ ಹೊಸ ಗುಂಡಿಯ ಆಳವನ್ನೂ ಗಮನಿಸಬೇಕು. ನಿಮ್ಮ ಪಾಯದ ತಳಕ್ಕಿಂತ ಅದು ಎಷ್ಟು ಆಳ ಹೋಗುತ್ತದೋ ಅದರ ಎರಡರಷ್ಟು ದೂರ ಎರಡರ ಅಂಚುಗಳ ನಡುವೆ ಇರಬೇಕೆಂಬುದು ಪಾಯದ ಕೆಲಸದಲ್ಲಿ ಪಾಲಿಸುವ ಲೆಕ್ಕ: 3 ಅಡಿ ಹೆಚ್ಚು ಆಳವಾದರೆ 6 ಅಡಿ ದೂರ. ಅಷ್ಟು ಜಾಗ ಇಲ್ಲದಿದ್ದರೆ ಗುಂಡಿಯನ್ನು ಒಂದೇ ಸಲ ಉದ್ದಕ್ಕೆ ತೆಗೆಯದೆ ತುಂಡು ತುಂಡಾಗಿ ತೆಗೆದು, ಹಲಗೆ ಕೊಟ್ಟು, ಕಾಂಕ್ರೀಟ್ ತುಂಬುತ್ತ ಹೋಗಬೇಕು. ಗುಂಡಿ ತೆಗೆಯುವ ಮುಂಚೆಯೇ ನಿಮ್ಮ ಗೋಡೆಗಳ ಒಳಹೊರಗಿನ ಫೋಟೋ ತೆಗೆದಿಡಿ. ಹಳೇ ಬಿರುಕುಗಳ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೀಟು ಹಾಕಿ ದಿನಾಂಕ ಬರೆಯಿರಿ. ಬಿರುಕು ಆ ಗೀಟು ದಾಟಿ ಮುಂದೆ ಹೋದರೆ ಅದು ಹೊಸದೆಂದು ತೋರಿಸಬಹುದು.

ಮೇಲ್ಭಾಗದ್ದು ಬೇಗ ಹೇಳಿಬಿಡಬಹುದು. ಸಜ್ಜೆ, ಬಾಲ್ಕನಿ, ಶೀಟಿನ ಅಂಚು, ಹೆಂಚಿನ ಸೂರು, ಎಸಿ ಪೆಟ್ಟಿಗೆ, ಪೈಪು ಇವೆಲ್ಲಕ್ಕೂ ಗಡಿಯ ಗೆರೆ ನೆಲದಿಂದ ಆಕಾಶದವರೆಗೆ ನೇರ ನಿಲ್ಲುತ್ತದೆ. ತೂಗುಗುಂಡು ಇಳಿಬಿಟ್ಟರೆ ಸುಳ್ಳು ಹೇಳುವುದಿಲ್ಲ. ಸಜ್ಜೆ ತಮ್ಮ ಜಾಗದಲ್ಲೇ ಇದ್ದರೂ ಸೂರಿನ ನೀರು ನಿಮ್ಮಲ್ಲಿ ಬೀಳುತ್ತಿದ್ದರೆ ಅದೂ ತಕರಾರಿನ ವಿಷಯವೇ. ಮಳೆನೀರನ್ನು ಪೈಪಿನಲ್ಲಿ ಹಿಡಿದು ತಮ್ಮ ಜಾಗದಲ್ಲಿ ಇಳಿಸಿಕೊಳ್ಳುವುದು ಕಟ್ಟುವವರ ಹೊಣೆ. ಮಲೆನಾಡಿನ ಮಳೆಗೆ ವರ್ಷದೊಪ್ಪತ್ತಿನಲ್ಲಿ ನಿಮ್ಮ ಗೋಡೆಯ ಬುಡ ನೆಂದು ಪಾಚಿಗಟ್ಟುತ್ತದೆ.

ಮಾತು, ನಂತರ ಪತ್ರ

ಮಾತನಾಡುವಾಗ ಆರೋಪದಿಂದ ಶುರು ಮಾಡಬೇಡಿ, ಅಳತೆಯಿಂದ ಶುರು ಮಾಡಿ. "ಅಣ್ಣಾ, ಮಾರ್ಕಿಂಗ್ ಆಗಿದೆ ಅಂತ ನೋಡ್ದೆ. ಗುಂಡಿ ತೋಡೋ ಮುಂಚೆ ಇಬ್ಬರೂ ನಿಂತು ಒಂದ್ಸಲ ಟೇಪು ಹಿಡಿದುಬಿಡೋಣ. ನಿಮ್ ಎಂಜಿನಿಯರೂ ಇರ್ಲಿ" ಎಂದರೆ ಸಾಕು. ಮನೆಯ ಯಜಮಾನರೊಂದಿಗೇ ಮಾತಾಡಿ. ಮೇಸ್ತ್ರಿಯ ಮೇಲೋ ಕೂಲಿಯವರ ಮೇಲೋ ಕೂಗಾಡುವುದರಿಂದ ಯಜಮಾನರಿಗೆ ಅವಮಾನವಾಗುತ್ತದೆಯೇ ಹೊರತು ಗೆರೆ ಸರಿಯುವುದಿಲ್ಲ. ಅವರ ಲಾಭವನ್ನೂ ಎದುರಿಗಿಡಿ: ಬ್ಯಾಂಕ್ ಸಾಲ ತೆಗೆದು ಕಟ್ಟುತ್ತಿದ್ದರೆ ಗಡಿ ತಕರಾರು ಅವರಿಗೂ ತೊಂದರೆ, ಮುಂದೆ ಮಾರುವಾಗಲೂ ತೊಂದರೆ.

ಜಂಟಿ ಅಳತೆಗೆ ಒಪ್ಪಿದರೆ ಅಂದೇ ಒಂದು ಹಾಳೆಯಲ್ಲಿ ಗೆರೆ ಎಳೆದು, ಯಾವ ಗುರುತಿನಿಂದ ಎಷ್ಟು ಅಡಿ ಎಷ್ಟು ಇಂಚು ಎಂದು ಬರೆದು, ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿಗಳಿಂದಲೂ ಹಾಕಿಸಿ. ಬಾಯಿಮಾತಿನ ಒಪ್ಪಂದ ಮೇಸ್ತ್ರಿ ಬದಲಾದ ದಿನ ಮರೆತುಹೋಗುತ್ತದೆ.

ಮಾತಿಗೆ ಬಗ್ಗದಿದ್ದರೆ ಎರಡು ದಿನ ಕಾಯುವುದೂ ಬೇಡ, ಪತ್ರ ಬರೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ, ಅದರ ಚಿತ್ರವನ್ನೇ ವಾಟ್ಸಾಪಿನಲ್ಲೂ ಹಾಕಿ. ಪತ್ರ ಹೀಗಿದ್ದರೆ ಸಾಕು:

"ಮಾನ್ಯರೇ, ತಾವು ಸೈಟು ನಂ. __ರಲ್ಲಿ ಕಟ್ಟಡದ ಕೆಲಸ ಆರಂಭಿಸಿದ್ದೀರಿ. ಅದಕ್ಕೆ ಹೊಂದಿಕೊಂಡಿರುವ ಸೈಟು ನಂ. __ ನನ್ನ ಮಾಲೀಕತ್ವದ್ದು (ಕ್ರಯಪತ್ರ ಸಂಖ್ಯೆ __, ದಿನಾಂಕ __). ದಿನಾಂಕ __ರಂದು ಅಳತೆ ಮಾಡಿದಾಗ ತಮ್ಮ ಪಾಯದ ಗುಂಡಿಯು ನನ್ನ ಸೈಟಿನ ಪಶ್ಚಿಮ ಅಂಚಿನಲ್ಲಿ ಉತ್ತರ ದಕ್ಷಿಣವಾಗಿ __ ಅಡಿ ಉದ್ದ, __ ಇಂಚು ಅಗಲ ಒಳಗೆ ಬಂದಿರುವುದು ಕಂಡುಬಂದಿದೆ. ಜಂಟಿ ಅಳತೆ ಆಗುವವರೆಗೆ ಈ ಅಂಚಿನ ಕೆಲಸ ನಿಲ್ಲಿಸಬೇಕೆಂದು ಕೋರುತ್ತೇನೆ. ಅಳತೆಗೆ ದಿನಾಂಕ __ರಂದು ಬೆಳಿಗ್ಗೆ __ ಗಂಟೆಗೆ ನಾನು ಸ್ಥಳದಲ್ಲಿರುತ್ತೇನೆ. ಈ ಜಾಗದ ಬಳಕೆಗೆ ನಾನು ಯಾವ ಒಪ್ಪಿಗೆಯನ್ನೂ ಕೊಟ್ಟಿರುವುದಿಲ್ಲ."

ಕೊನೆಯ ವಾಕ್ಯವನ್ನು ಬಿಡಬೇಡಿ. ಕಣ್ಣೆದುರೇ ಕಟ್ಟುತ್ತಿದ್ದರೂ ಸುಮ್ಮನಿದ್ದರು ಎಂಬ ವಾದ ಕೋರ್ಟಿನಲ್ಲಿ ನಿಮ್ಮನ್ನು ಬಲವಾಗಿ ಹೊಡೆಯುತ್ತದೆ. ತಡಮಾಡಿದವರಿಗೆ ಕೆಡವಿಸುವ ಆದೇಶದ ಬದಲು ಪರಿಹಾರದ ಹಣ ಮಾತ್ರ ಸಿಗುವ ಸಾಧ್ಯತೆ ಹೆಚ್ಚು.

ಇದೇ ಹೊತ್ತಿಗೆ ದಿನವೂ ಒಂದೇ ಜಾಗದಲ್ಲಿ ನಿಂತು, ಟೇಪು ಕಾಣುವಂತೆ ಫೋಟೋ ತೆಗೆಯಿರಿ. ಫೋಟೋ ತೆಗೆದ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಡಿಜಿಟಲ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ.

ಒಂದನ್ನು ಮಾತ್ರ ಎಂದೂ ಮಾಡಬೇಡಿ: ನೀವೇ ಗುಂಡಿ ಮುಚ್ಚುವುದು, ಗೋಡೆ ಒಡೆಯುವುದು, ಕೆಲಸಗಾರರನ್ನು ತಡೆಯುವುದು. ಜಾಗ ನಿಮ್ಮದೇ ಆಗಿದ್ದರೂ ಮರುದಿನ ಪೊಲೀಸ್ ಠಾಣೆಯಲ್ಲಿ ಆರೋಪಿಯಾಗಿ ನಿಲ್ಲುವವರು ನೀವಾಗುತ್ತೀರಿ. ಅವರು ಬೆದರಿಸಿದರೆ, ಕಲ್ಲು ಕಿತ್ತರೆ, ನಿಮ್ಮ ಕಾಂಪೌಂಡು ಒಡೆದರೆ ಠಾಣೆಗೆ ದೂರು ಕೊಟ್ಟು ಹಿಂಬರಹ (ಲಿಖಿತ ಉತ್ತರ) ಪಡೆಯಿರಿ. ಗಡಿ ಎಲ್ಲಿದೆ ಎಂದು ತೀರ್ಮಾನಿಸುವ ಅಧಿಕಾರ ಪೊಲೀಸರಿಗಿಲ್ಲ, "ಇದು ಸಿವಿಲ್ ವ್ಯಾಜ್ಯ" ಎಂಬ ಹಿಂಬರಹವೂ ಮುಂದೆ ಕೋರ್ಟಿನಲ್ಲಿ ದಿನಾಂಕಕ್ಕೆ ಸಾಕ್ಷಿಯಾಗುತ್ತದೆ.

ನಗರಸಭೆ, ಪಂಚಾಯಿತಿಯಿಂದ ಏನು ಸಾಧ್ಯ

ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಜನ ಬೆರೆಸಿಬಿಡುತ್ತಾರೆ. ನಿಮ್ಮ ಜಾಗಕ್ಕೆ ಬಂದರೇ ಎಂಬುದು ಹಕ್ಕಿನ ಪ್ರಶ್ನೆ, ಅದು ಸಿವಿಲ್ ಕೋರ್ಟಿನದು. ಮಂಜೂರಾದ ನಕ್ಷೆಯಂತೆ ಕಟ್ಟುತ್ತಿದ್ದಾರೆಯೇ, ಸುತ್ತ ಖಾಲಿ ಬಿಡಬೇಕಾದಷ್ಟು ಸೆಟ್‌ಬ್ಯಾಕ್ ಬಿಟ್ಟಿದ್ದಾರೆಯೇ ಎಂಬುದು ಸ್ಥಳೀಯ ಸಂಸ್ಥೆಯದು. ಗಡಿ ದಾಟಿದವರು ಸೆಟ್‌ಬ್ಯಾಕ್ ಬಿಟ್ಟಿರಲು ಸಾಧ್ಯವೇ ಇಲ್ಲ, ಆದ್ದರಿಂದ ಎರಡನೆಯ ದೂರನ್ನು ಕೂಡಲೇ ಕೊಡಿ. "ನನ್ನ ಜಾಗ ಕಬಳಿಸಿದ್ದಾರೆ" ಎಂದು ಬರೆದರೆ ಕೋರ್ಟಿಗೆ ಹೋಗಿ ಎಂಬ ಉತ್ತರ ಬರುತ್ತದೆ. "ಮಂಜೂರಾದ ನಕ್ಷೆಗೆ ವಿರುದ್ಧವಾಗಿ, ಪೂರ್ವದ ಸೆಟ್‌ಬ್ಯಾಕ್ ಬಿಡದೆ ಕಟ್ಟಲಾಗುತ್ತಿದೆ, ಸ್ಥಳ ತನಿಖೆ ಮಾಡಿ ಕೆಲಸ ನಿಲ್ಲಿಸಿ" ಎಂದು ಬರೆದರೆ ಅಧಿಕಾರಿ ಸ್ಥಳಕ್ಕೆ ಬರಲೇಬೇಕಾದ ವಿಷಯವಾಗುತ್ತದೆ. ಪುರಸಭೆ, ನಗರಸಭೆಗಳಿಗೆ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ 187ನೇ ಕಲಮು, ಗ್ರಾಮ ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮು ಕಟ್ಟಡದ ಅನುಮತಿಗೆ ಸಂಬಂಧಪಟ್ಟವು. ಮಹಾನಗರ ಪಾಲಿಕೆಗಳಿಗೆ 1976ರ ಪ್ರತ್ಯೇಕ ಕಾಯ್ದೆ ಇದೆ.

ಅವರ ಮಂಜೂರಾದ ನಕ್ಷೆಯ ಪ್ರತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು. ಮೂರನೆಯವರ ಮಾಹಿತಿ ಎಂದು ಅವರ ಅಭಿಪ್ರಾಯ ಕೇಳುತ್ತಾರೆ, ಆಗ ತಡವಾಗಬಹುದು. ಆದ್ದರಿಂದ ದೂರನ್ನು ಇದಕ್ಕೆ ಕಾಯಿಸಬೇಡಿ.

ಆದರೆ ದೂರು ಕೊಡುವ ಮುಂಚೆ ನಿಮ್ಮ ಮನೆಯ ಸುತ್ತಲೂ ಒಮ್ಮೆ ನಡೆದು ನೋಡಿ. ನಿಮ್ಮ ಸಜ್ಜೆ, ನಿಮ್ಮ ಮೆಟ್ಟಿಲು ಸೆಟ್‌ಬ್ಯಾಕಿನಲ್ಲಿದ್ದರೆ ತನಿಖೆಗೆ ಬಂದವರು ಅದನ್ನೂ ಬರೆದುಕೊಂಡು ಹೋಗುತ್ತಾರೆ.

ಕಟ್ಟಡ ಚರಂಡಿ, ರಸ್ತೆ ಅಥವಾ ಬಿ ಖರಾಬಿಗೂ (ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಬಂದಿದ್ದರೆ ಅದು ಸಾರ್ವಜನಿಕ ಜಾಗ. ಪಟ್ಟಣದಲ್ಲಿ ಸ್ಥಳೀಯ ಸಂಸ್ಥೆಗೆ, ಕಂದಾಯ ಜಾಗವಾದರೆ ತಹಶೀಲ್ದಾರರಿಗೆ ದೂರು ಕೊಡಿ. ಖಾಸಗಿ ಜಾಗದ ಒತ್ತುವರಿಯನ್ನು ತೆರವು ಮಾಡಿಸಿ ಎಂದು ತಹಶೀಲ್ದಾರರ ಹಿಂದೆ ಅಲೆಯುವುದು ಮಾತ್ರ ವ್ಯರ್ಥ, ಆ ಕೆಲಸ ಅವರದಲ್ಲ.

ಹದ್ದುಬಸ್ತು: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಜಮೀನಿನಂಚಿನ ಕಟ್ಟಡಕ್ಕೆ ಹದ್ದುಬಸ್ತು, ಅಂದರೆ ಭೂಮಾಪಕರಿಂದ ಅಳೆಸಿ ಗಡಿ ಗುರುತಿಸಿಕೊಳ್ಳುವುದು, ಇದೇ ಮುಖ್ಯ ದಾರಿ. ನಾಡಕಚೇರಿಯಲ್ಲಿ ಅಥವಾ ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತು ಅರ್ಜಿ ಹಾಕಿ, ನಿಗದಿತ ಶುಲ್ಕ ಕಟ್ಟಿ. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ಟಿಪ್ಪಣಿಯಂತೆ ಅಳೆದು, ಗಡಿ ಗುರುತಿಸಿ, ನಕ್ಷೆ ಮತ್ತು ಮಹಜರು ಮಾಡಿಕೊಡುತ್ತಾರೆ. ನೋಟಿಸು ಸರಿಯಾಗಿ ತಲುಪಿದೆಯೇ ಎಂದು ನೀವೇ ಖಾತರಿ ಮಾಡಿಕೊಳ್ಳಿ. ನೋಟಿಸು ಕೊಡದೆ ಅಳೆದರು ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಸರ್ವೆಯೂ ಮೂಲೆಗುಂಪಾಗುತ್ತದೆ.

ಅಳತೆಯ ದಿನದ ಹೊತ್ತಿಗೆ ಬೇಲಿಯ ಪೊದೆ ಸವರಿಸಿ, ಹಳೇ ಬಾಂದುಕಲ್ಲುಗಳ ಸುತ್ತ ಮಣ್ಣು ಬಿಡಿಸಿ ಇಟ್ಟಿರಿ. ಕಾಫಿ ತೋಟದ ಅಂಚಿನಲ್ಲಿ ಅಗಳು (ಕಂದಕ), ಸಿಲ್ವರ್ ಓಕ್ ಸಾಲು, ಬೇಲಿ ಇವೇ ಗಡಿ ಎಂದು ಹಿಂದಿನಿಂದ ನಡೆದುಬಂದಿರುತ್ತದೆ. ಮಳೆಗಾಲದಲ್ಲಿ ಅಗಳು ತುಂಬಿ ಏನೂ ಕಾಣುವುದಿಲ್ಲ. ಜನವರಿಯಿಂದ ಮೇ ಒಳಗೆ ಅಳೆಸಿಕೊಳ್ಳುವುದು ಲೇಸು.

ಭೂಮಾಪಕರ ಅಳತೆಗೂ ಒಂದು ಮಿತಿ ಇದೆ ಎಂದು ತಿಳಿದಿರಿ. ಹಳೆಯ ಟಿಪ್ಪಣಿಗಳು 33 ಅಡಿಯ ಸರಪಳಿಯಲ್ಲಿ ಅಳೆದವು. ಒಂದು ಸರಪಳಿಗೆ 16 ಆಣೆ, ಒಂದು ಆಣೆ ಎಂದರೆ 2 ಅಡಿ ¾ ಇಂಚು. ಒಂದು ಚದರ ಸರಪಳಿ, ಅಂದರೆ 1089 ಚದರಡಿ, ಒಂದು ಗುಂಟೆ. ಆಣೆಯ ಲೆಕ್ಕದಲ್ಲಿ ಬರೆದ ದಾಖಲೆಯಿಂದ ಇಂಚಿನ ಗೆರೆ ಹುಡುಕಿದರೆ ಸಿಗುವುದಿಲ್ಲ. ಎರಡು ಅಡಿಗಿಂತ ಕಡಿಮೆ ಒತ್ತುವರಿಯ ಜಗಳದಲ್ಲಿ ಹದ್ದುಬಸ್ತು ಒಂದನ್ನೇ ನೆಚ್ಚಿಕೊಳ್ಳದೆ, ಕ್ರಯಪತ್ರದ ಚಕ್ಕುಬಂದಿ, ಹಳೇ ಬೇಲಿ, ಇಬ್ಬರ ಅನುಭವದಲ್ಲಿರುವ ಗಡಿ ಎಲ್ಲವನ್ನೂ ಕೂಡಿಸಿ ನೋಡಬೇಕು.

ಪೋಡಿ (ಪಾಲುಗಳನ್ನು ಅಳೆದು ಬೇರೆ ಬೇರೆ ನಂಬರು ಕೊಡುವುದು) ಆಗದೆ ಪಹಣಿಯಲ್ಲಿ ಹಲವರ ಹೆಸರು ಒಟ್ಟಿಗಿದ್ದರೆ ನಿಮ್ಮ ಪಾಲಿನ ಗಡಿಯನ್ನು ಹದ್ದುಬಸ್ತು ತೋರಿಸಲಾರದು, ಮೊದಲು ಪೋಡಿ ಆಗಬೇಕು. ದರಖಾಸ್ತಿನಲ್ಲಿ (ಅರ್ಜಿ ಹಾಕಿ ಸರ್ಕಾರದಿಂದ) ಮಂಜೂರಾಗಿ, ದುರಸ್ತಿ (ಅಳೆದು ಸರ್ವೆ ದಾಖಲೆ ಮಾಡುವುದು) ಆಗದ ಜಮೀನಿನದೂ ಇದೇ ಕಥೆ. ಗ್ರಾಮಠಾಣಾ ಒಳಗಿನ ಮನೆಮನೆಯ ಗಡಿ ಸರ್ವೆ ಟಿಪ್ಪಣಿಯಲ್ಲಿ ಇರುವುದಿಲ್ಲ. ಬಡಾವಣೆ ಸೈಟಾದರೆ ಪ್ರಾಧಿಕಾರಕ್ಕೇ ಅರ್ಜಿ ಕೊಟ್ಟು ನಕ್ಷೆಯಂತೆ ಮೂಲೆ ಗುರುತಿಸಿಕೊಡಲು ಕೇಳಿ. ಸರ್ವೆ ತಪ್ಪಾಗಿದೆ ಎನಿಸಿದರೆ ಭೂದಾಖಲೆಗಳ ಉಪನಿರ್ದೇಶಕರ ಮುಂದೆ ಮೇಲ್ಮನವಿಗೆ ಅವಕಾಶವಿದೆ. ಭೂಮಾಪಕರು ಗಡಿ ತೋರಿಸುತ್ತಾರೆ, ಗೋಡೆ ತೆಗೆಸುವುದಿಲ್ಲ.

ಕೋರ್ಟಿಗೆ ಹೋಗುವುದಾದರೆ

ಪತ್ರಕ್ಕೆ ಉತ್ತರವಿಲ್ಲದೆ ಕೆಲಸ ಮುಂದುವರಿದರೆ ಅದೇ ವಾರ ವಕೀಲರನ್ನು ಕಾಣಿ. ದಾವೆಯ ಜೊತೆಗೆ ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿ ಹೋಗುತ್ತದೆ (ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 1 ಮತ್ತು 2). ತಡ ಮಾಡಿದರೆ ಆಗುವ ನಷ್ಟವನ್ನು ತೋರಿಸಿಕೊಟ್ಟರೆ ಎದುರಾಳಿಗೆ ನೋಟಿಸು ಹೋಗುವ ಮುಂಚೆಯೇ ಆದೇಶ ಸಿಗಬಹುದು. ಪಾಯದ ಹಂತದ ಫೋಟೋ ಇದ್ದವರಿಗೆ ಇದು ಸುಲಭ, ಬಣ್ಣ ಹೊಡೆಯುವ ಹಂತದಲ್ಲಿ ಬಂದವರಿಗೆ ಕಷ್ಟ. ಆದೇಶ ಮೀರಿ ಕಟ್ಟಿದರೆ ಆಸ್ತಿ ಜಪ್ತಿ, 3 ತಿಂಗಳವರೆಗೆ ಸಿವಿಲ್ ಸೆರೆವಾಸ ಎರಡಕ್ಕೂ ಅವಕಾಶವಿದೆ.

ವಕೀಲರೊಂದಿಗೆ ಮೂರು ವಿಷಯ ಬಿಡಿಸಿ ಮಾತಾಡಿ. ಒಂದು, ಬರೀ ತಡೆಯಾಜ್ಞೆ ಕೇಳಿದರೆ ಸಾಕೇ ಎಂಬುದು. ಪಕ್ಕದವರು ಆ ಪಟ್ಟಿ ತಮ್ಮದೇ ಎಂದು ಕಾಗದ ತೋರಿಸುತ್ತಿದ್ದರೆ ಹಕ್ಕು ಘೋಷಣೆಯನ್ನೂ ಕೇಳಬೇಕು, ಈಗಾಗಲೇ ಕಟ್ಟಿಯಾಗಿದ್ದರೆ ತೆರವು ಮತ್ತು ಸ್ವಾಧೀನವನ್ನೂ ಕೇಳಬೇಕು. 2008ರಲ್ಲಿ ಅನತುಲ ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಎರಡು, ದಾವೆಯ ಷೆಡ್ಯೂಲು. ಇಡೀ ಸೈಟನ್ನು 'ಎ' ಎಂದೂ, ಒತ್ತುವರಿಯಾದ ಪಟ್ಟಿಯನ್ನು ಉದ್ದ ಅಗಲ ಸಮೇತ 'ಬಿ' ಎಂದೂ ಬೇರೆ ಬರೆದು ನಕ್ಷೆ ಲಗತ್ತಿಸಬೇಕು. ಪಟ್ಟಿ ಯಾವುದೆಂದು ಸ್ಪಷ್ಟವಿಲ್ಲದೆ ಡಿಕ್ರಿ ಸಿಕ್ಕರೂ ಜಾರಿಗೆ ಹೋದಾಗ ಏನನ್ನು ಕೆಡವಬೇಕೆಂದು ತಿಳಿಯುವುದಿಲ್ಲ. ಮೂರು, ಕೋರ್ಟ್ ಕಮಿಷನರ್ ನೇಮಕದ ಅರ್ಜಿ (ಆದೇಶ 26, ನಿಯಮ 9). ಕಮಿಷನರಾಗಿ ಭೂಮಾಪಕರನ್ನೇ ಕೇಳುವುದು ಒಳ್ಳೆಯದು, ಏಕೆಂದರೆ ಗಡಿ ವ್ಯಾಜ್ಯದಲ್ಲಿ ಅಳತೆಯ ವರದಿಯೇ ಬೆನ್ನೆಲುಬು.

ಅವರೇ ಮೊದಲು ಕೋರ್ಟಿಗೆ ಹೋಗಿ ನಿಮ್ಮ ವಿರುದ್ಧ ಆದೇಶ ತರಬಹುದೆಂಬ ಅನುಮಾನವಿದ್ದರೆ ಕೇವಿಯೆಟ್ (ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ) ಹಾಕಿ. ಅದರ ಆಯುಸ್ಸು 90 ದಿನ, ಆಮೇಲೆ ಹೊಸದಾಗಿ ಹಾಕಬೇಕು.

ಕಾಲಮಿತಿಯೂ ಗೊತ್ತಿರಲಿ. ನಿಮ್ಮ ಸ್ವಾಧೀನದಲ್ಲಿದ್ದ ಜಾಗವನ್ನು ಬಲವಂತದಿಂದ ಕಸಿದುಕೊಂಡಿದ್ದರೆ ಹಕ್ಕಿನ ಚರ್ಚೆಯಿಲ್ಲದೆ ಸ್ವಾಧೀನ ಮರಳಿ ಕೇಳಲು 6 ತಿಂಗಳು. ಕಟ್ಟಿದ್ದನ್ನು ತೆಗೆಸುವ ಆದೇಶಕ್ಕೆ ಸಾಮಾನ್ಯವಾಗಿ 3 ವರ್ಷ. ಹಕ್ಕಿನ ಆಧಾರದ ಮೇಲೆ ಸ್ವಾಧೀನ ಕೇಳಲು 12 ವರ್ಷ, ಅದು ದಾಟಿದರೆ ಪ್ರತಿಕೂಲ ಸ್ವಾಧೀನದ ವಾದ (ಇಷ್ಟು ವರ್ಷ ನಮ್ಮ ವಶದಲ್ಲಿದೆ, ಆದ್ದರಿಂದ ನಮ್ಮದೇ ಎಂಬುದು) ಎದುರಾಗುತ್ತದೆ. ಬೆಳಕು, ಗಾಳಿ, ನೀರಿನ ಹರಿವಿನಂಥ ಹಕ್ಕುಗಳಿಗೆ 20 ವರ್ಷದ ಬಳಕೆ ಲೆಕ್ಕಕ್ಕೆ ಬರುತ್ತದೆ.

ಖರ್ಚಿನ ಭಯದಿಂದ ಹಿಂಜರಿಯುವವರು ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

ಧರೆ ಕಡಿದರೆ

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಗೋಡೆ ಗಡಿ ದಾಟದಿದ್ದರೂ ಅಪಾಯ ಬರುವುದು ಧರೆಯಿಂದ, ಅಂದರೆ ಇಳಿಜಾರು ಕಡಿದಾಗ ನಿಲ್ಲುವ ಮಣ್ಣಿನ ಗೋಡೆಯಿಂದ. ಕೆಳಗಿನವರು ಮನೆಗೆ ಮಟ್ಟ ಮಾಡಲು ಗಡಿಯವರೆಗೂ ಹಿಟಾಚಿಯಿಂದ ನೇರವಾಗಿ ಕಡಿದರೆ ಬೇಸಿಗೆಯಲ್ಲಿ ಮಣ್ಣು ಗೋಡೆಯಂತೆ ನಿಂತಿರುತ್ತದೆ. ಜೂನ್, ಜುಲೈಯಲ್ಲಿ ನೀರು ಕುಡಿದು ತೂಕ ಹೆಚ್ಚಿ, ಹಿಡಿತ ಕಳೆದುಕೊಂಡು ಒಮ್ಮೆಲೇ ಜಾರುತ್ತದೆ. ಜಾರುವುದು ನಿಮ್ಮ ಅಂಗಳ.

ಪಕ್ಕದ ನೆಲದ ಆಸರೆ ಪಡೆಯುವ ಹಕ್ಕು ನಿಮ್ಮ ನೆಲಕ್ಕಿದೆ. ಆದ್ದರಿಂದ ಕಡಿಯುವ ದಿನವೇ ತಡೆಯುವ ಮಾತು ಆಡಿ. ಕಡಿಯುವ ಎತ್ತರದಷ್ಟಾದರೂ ಜಾಗ ಗಡಿಯಿಂದ ಬಿಡಬೇಕು, ಇಲ್ಲವೇ ಎಂಜಿನಿಯರ್ ವಿನ್ಯಾಸದ ತಡೆಗೋಡೆಯನ್ನು ಮಳೆಗೆ ಮುಂಚೆ ಮುಗಿಸಬೇಕು. ಆ ಗೋಡೆಯ ಪಾಯವೂ ಅವರ ಜಾಗದಲ್ಲೇ ಇರಬೇಕು. ಗೋಡೆಯಲ್ಲಿ ಸುಮಾರು 5 ಅಡಿಗೊಂದರಂತೆ 3 ಇಂಚಿನ ಪೈಪುಗಳನ್ನು ಹೊರಕ್ಕೆ ಇಳಿಜಾರಾಗಿ ಇಟ್ಟು, ಹಿಂಬದಿಗೆ ಜಲ್ಲಿ ತುಂಬಿಸಬೇಕು. ಪೈಪಿಲ್ಲದ ತಡೆಗೋಡೆ ಮಣ್ಣಿನ ಜೊತೆಗೆ ನೀರಿನ ಒತ್ತಡವನ್ನೂ ಹೊರಬೇಕಾಗುತ್ತದೆ, ಕಲ್ಲು ಎಷ್ಟೇ ದಪ್ಪವಿದ್ದರೂ ಉಬ್ಬಿ ಬೀಳುತ್ತದೆ. ನಿಮ್ಮ ಕಡೆಯಿಂದ ಧರೆಯ ಮೇಲಂಚಿಗೆ ನೀರು ಹೋಗದಂತೆ ಚರಂಡಿ ತಿರುಗಿಸಿ, ಅಂಚಿನಲ್ಲಿ ಬಿರುಕು ಕಂಡರೆ ಮಣ್ಣು ಮೆತ್ತಿ ಮುಚ್ಚಿ. ಬಿರುಕು ಅಗಲವಾಗುತ್ತಿದ್ದರೆ ಆ ಕಡೆಯ ಕೋಣೆಯಲ್ಲಿ ಮಲಗಬೇಡಿ, ತಹಶೀಲ್ದಾರರ ಕಚೇರಿಗೆ ಕೂಡಲೇ ತಿಳಿಸಿ.

ಕಟ್ಟಿಯಾಗಿದೆ, ಈಗ ರಾಜಿ

ಮೂರ್ನಾಲ್ಕು ಇಂಚಿನ ಪಾಯಕ್ಕೆ ಹತ್ತು ವರ್ಷ ಕೋರ್ಟಿಗೆ ಅಲೆಯಿರಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಒತ್ತುವರಿಯಿಂದ ನಿಮ್ಮ ಮನೆಯ ಯೋಜನೆ ಕೆಡುತ್ತದೆಯೇ, ಓಡಾಡುವ ದಾರಿ ಮುಚ್ಚುತ್ತದೆಯೇ, ಗೋಡೆಗೆ ಅಪಾಯವಿದೆಯೇ ಎಂದು ನೋಡಿ. ಇವು ಯಾವುದೂ ಇಲ್ಲದಿದ್ದರೆ ಆ ಪಟ್ಟಿಗೆ ಬೆಲೆ ಕಟ್ಟಿ ಅವರಿಗೇ ಕೊಡುವುದು ಅಥವಾ ಹಿತ್ತಲ ಕಡೆ ಅಷ್ಟೇ ಜಾಗ ಬದಲಿಗೆ ಪಡೆಯುವುದು ಬುದ್ಧಿವಂತಿಕೆ. ಸಜ್ಜೆ, ಶೀಟು, ಪೈಪಿನಂಥದ್ದನ್ನು ಮಾತ್ರ ಕತ್ತರಿಸಿಯೇ ತೆಗೆಸಿ, ಅದಕ್ಕೆ ಖರ್ಚು ಕಡಿಮೆ.

ರಾಜಿ ಮಾಡಿಕೊಂಡರೆ ಛಾಪಾ ಕಾಗದದ ಮೇಲೆ ಬರೆದು ಸುಮ್ಮನಾಗಬೇಡಿ. ಜಾಗ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದಿದ್ದರೆ ನೋಂದಣಿ ಆಗಲೇಬೇಕು. ಸರ್ವೆ ನಂಬರಿನ ಭಾಗವಾದರೆ ನೋಂದಣಿಗೆ ಮುಂಚೆ 11-ಇ ನಕ್ಷೆ ಬೇಕು. ಯಾರ ಜಾಗದ ಮೇಲಾದರೂ ಬ್ಯಾಂಕ್ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ದಾವೆ ನಡೆಯುತ್ತಿದ್ದರೆ ಲೋಕ ಅದಾಲತ್ತಿನಲ್ಲಿ ರಾಜಿ ಬರೆಸಿ. ಅಲ್ಲಿನ ತೀರ್ಪಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ಮರಳಿ ಬರುತ್ತದೆ. ರಾಜಿಪತ್ರಕ್ಕೆ ಅಳತೆಯ ನಕ್ಷೆ ಲಗತ್ತಿಸಿ, ಹೊಸ ಗಡಿಯ ಎರಡೂ ತುದಿಗೆ ಕಲ್ಲು ನೆಟ್ಟು ಸುತ್ತ ಕಾಂಕ್ರೀಟ್ ಹಾಕಿಸಿ, ಎರಡು ಕಡೆಯ ಖಾತೆಯಲ್ಲೂ ಬದಲಾದ ಅಳತೆ ಏರಿಸಿಕೊಳ್ಳಿ.